ನಮ್ಮ ನಾಟಕಕ್ಕೆ ಬಂದ ಫ್ರೆಂಚ್ ಸಾಹೇಬರು

ಮಸ್ಕತ್‌ನಲ್ಲಿ ನಾವು ಊರಿನವರು ಸೇರಿ ವರ್ಷಕ್ಕೊಂದು ನಾಟಕ ಆಡುತ್ತೇವೆ. ನಾಟಕ ನೋಡಿ ಜನ ನಗುವುದು ಅಪರೂಪ. ಪರದೆಯ ಹಿಂದೆ ಮಾತ್ರ ನಗಲಿಕ್ಕೆ ಏನಾದರೊಂದು ಆಗುತ್ತಲೇ ಇರುತ್ತದೆ. ಈ ಸಲ ಆದದ್ದಕ್ಕೆ ಕಾರಣ ನಾನೇ.

ನಾನು ವಾದಿ ಅದಾಯ್‌ನ ಒಂದು ಫರ್ನಿಚರ್ ಶೋರೂಮಿನಲ್ಲಿ ಸೇಲ್ಸ್‌ನವನು. ಅಲ್ಲಿಯ ಡಿಸೈನರ್ ಒಬ್ಬ ಫ್ರೆಂಚ್ ಸಾಹೇಬರು. ಪ್ರಾಯದಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದಕ್ಕೆ ನಾಟಕದ ನಟನಟಿಯರ ವ್ಯಂಗ್ಯಚಿತ್ರ ಬರೆಯುತ್ತಿದ್ದರಂತೆ. ಎರಡೇ ವರ್ಷಕ್ಕೆ ಪತ್ರಿಕೆ ಮುಚ್ಚಿತು. ಹೊಟ್ಟೆಪಾಡಿಗೆ ಸೋಫಾ ಬರೆಯಲು ಶುರುಮಾಡಿದರು.

"ಸೋಫಾಕ್ಕೆ ಮುಖ ಇರುವುದಿಲ್ಲ ನೋಡು," ಎಂದು ಒಂದು ದಿನ ಬೇಸರದಿಂದ ಹೇಳಿದರು.

ನನಗೆ ಅಯ್ಯೋ ಅನ್ನಿಸಿತು. "ನಮ್ಮ ರಿಹರ್ಸಲ್ಲಿಗೆ ಬನ್ನಿ ಸರ್, ಬೇಕಾದಷ್ಟು ಮುಖ ಉಂಟು," ಎಂದೆ.

ಹೀಗೆ ಅವರ ಹಳೆಯ ಕಸುಬು ಮತ್ತೆ ಶುರುವಾಯಿತು. ಸರಿಯಾಗಿ ಒಂದು ತಿಂಗಳು ಬಾಳಿತು.

ಮಹಾರಾಜರ ಮೂಗು

ನಾಟಕದಲ್ಲಿ ರಾಜನ ಪಾತ್ರ ಪ್ರತಿವರ್ಷವೂ ನಮ್ಮ ಸಂಘದ ಅಧ್ಯಕ್ಷರದ್ದೇ. ಸಾಹೇಬರು ಮೊದಲ ಶುಕ್ರವಾರವೇ ಅವರ ಚಿತ್ರ ಬರೆದು ರಿಹರ್ಸಲ್ ಹಾಲಿನ ಗೋಡೆಗೆ ಅಂಟಿಸಿದರು. ಕಾಗದದಲ್ಲಿ ಮುಕ್ಕಾಲು ಭಾಗ ಮೂಗು. ಉಳಿದ ಜಾಗದಲ್ಲಿ ಕಿರೀಟ, ಹೊಟ್ಟೆ ಇತ್ಯಾದಿ.

ಅಧ್ಯಕ್ಷರು ನೋಡಿದರು. "ಇದು ಯಾರು?"

ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಉಪಾಧ್ಯಕ್ಷರು ಧೈರ್ಯ ಮಾಡಿ, "ನಮ್ಮ ಕಾರ್ಯದರ್ಶಿಯ ಹಾಗೆ ಕಾಣ್ತದೆ," ಎಂದರು. ಕಾರ್ಯದರ್ಶಿ ಅವತ್ತಿನಿಂದ ಉಪಾಧ್ಯಕ್ಷರ ಹತ್ತಿರ ಮಾತು ಬಿಟ್ಟರು.

ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಚಹಾದ ಫ್ಲಾಸ್ಕ್ ಹಿಡಿದು ಒಳಗೆ ಬಂದರು. ಗೋಡೆ ನೋಡಿದವರೇ, "ಅರೆ, ಇವರೇ! ಮೂಗು ಸರೀ ಬಂದಿದೆ. ಹೊಟ್ಟೆ ಮಾತ್ರ ಸ್ವಲ್ಪ ಕಮ್ಮಿ ಆಯ್ತು," ಎಂದರು.

ನಿಯಮಾವಳಿ

ಮರುವಾರವೇ ತುರ್ತು ಸಭೆ. ವ್ಯಂಗ್ಯಚಿತ್ರ ಹೇಗಿರಬೇಕು ಎಂದು ನಿಯಮ ಮಾಡಿದರು. ಪದಾಧಿಕಾರಿಗಳ ಮೂಗು, ಕಿವಿ ಉದ್ದ ಮಾಡಬಾರದು. ಬೋಳುತಲೆಗೆ ಕೂದಲು ಬರೆಯಬೇಕು. ಮಹಿಳಾ ವಿಭಾಗದವರ ಪ್ರಾಯ ಮೂವತ್ತೈದು ದಾಟಬಾರದು.

ಸಾಹೇಬರಿಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವ ಕರ್ಮ ನನ್ನದು. ಪಾಪ, ಅವರು ಸಿಟ್ಟಾಗಲಿಲ್ಲ. ಪೆನ್ಸಿಲ್ ಜೇಬಿಗೆ ಹಾಕಿ, "ಹಾಗಾದರೆ ಒಬ್ಬ ಫೋಟೋಗ್ರಾಫರನ್ನು ಕರೆಸಿ," ಎಂದರು.

ಕಾರ್ಯದರ್ಶಿ ಗಾಬರಿಯಾದರು. "ಬೇಡ ಬೇಡ! ಫೋಟೋದಲ್ಲಿ ನಾವು ಇದ್ದ ಹಾಗೇ ಬರ್ತೇವೆ!"

ಭರ್ಜಿ ಹಿಡಿದ ಸಾಹುಕಾರರು

ನಾಟಕದ ಖರ್ಚು ವಹಿಸಿಕೊಂಡವರು ಬರ್ಕಾದ ತರಕಾರಿ ವ್ಯಾಪಾರಿ ಸಾಹುಕಾರರು. ಅವರಿಗೂ ಚಿತ್ರ ಬೇಕಾಯಿತು. ಸಾಹೇಬರದ್ದು ಒಂದೇ ಹಟ: "ನಾನು ನಟರನ್ನು ಮಾತ್ರ ಬರೆಯುವುದು."

"ಅಷ್ಟೇ ಅಲ್ವಾ? ನನಗೊಂದು ಪಾತ್ರ ಕೊಡಿ," ಎಂದರು ಸಾಹುಕಾರರು.

ಕೊಟ್ಟೆವು. ಸಿಂಹಾಸನದ ಪಕ್ಕ ಭರ್ಜಿ ಹಿಡಿದು ನಿಲ್ಲುವ ದ್ವಾರಪಾಲಕ. ಮಾತಿಲ್ಲ, ನಿಂತರೆ ಸಾಕು.

ನಾಟಕದ ದಿನ ರಾಜ, "ಶತ್ರುಗಳು ಕೋಟೆ ಮುತ್ತಿದ್ದಾರೆ! ಈಗೇನು ಮಾಡಲಿ?" ಎಂದು ಗದ್ಗದಿತನಾದ ಹೊತ್ತಿಗೆ ದ್ವಾರಪಾಲಕನ ಸೊಂಟದಲ್ಲಿ ಫೋನ್ ರಿಂಗಾಯಿತು. ದ್ವಾರಪಾಲಕ ಭರ್ಜಿಯನ್ನು ಕಂಕುಳಕ್ಕೆ ಸಿಕ್ಕಿಸಿ ಫೋನ್ ಎತ್ತಿ, "ಗೇಟ್ ಖೋಲೋ, ಪ್ಯಾಜ್ ಉತಾರೋ, ಯಲ್ಲಾ!" ಎಂದು ಗುಡುಗಿದ. ಗೇಟು ತೆಗೆದು ಬೇಗ ಈರುಳ್ಳಿ ಇಳಿಸಬೇಕಂತೆ! ಇಡೀ ನಾಟಕಕ್ಕೆ ಸಿಕ್ಕಿದ ಚಪ್ಪಾಳೆ ಅದೊಂದೇ.

ಸಾಹೇಬರು ಅದನ್ನು ಹಾಗೇ ಚಿತ್ರಿಸಿದರು. ಸಾಹುಕಾರರು ನೋಡಿ ಮುಖ ಗಂಟಿಕ್ಕಿದರು.

"ಇದೆಂಥದು ಮಾರಾಯ, ಫೋನ್ ಹಳೇ ಮಾಡೆಲ್ ಬರೆದಿದ್ದಾರಲ್ಲ!"

ಸನ್ಮಾನ

ನಮ್ಮ ಸಂಘದಲ್ಲಿ ಯಾರನ್ನಾದರೂ ಮರ್ಯಾದೆಯಿಂದ ಹೊರಗೆ ಕಳಿಸಬೇಕಿದ್ದರೆ ಸನ್ಮಾನ ಮಾಡುತ್ತೇವೆ. ನಾಟಕ ಮುಗಿದ ಕೂಡಲೇ ಸಾಹೇಬರನ್ನು ವೇದಿಕೆಗೆ ಹತ್ತಿಸಿ ಪೇಟ, ಶಾಲು, ಹಣ್ಣಿನ ಬುಟ್ಟಿ ಕೊಟ್ಟರು. ಕಿರೀಟ ತೆಗೆಯದೆಯೇ ಅಧ್ಯಕ್ಷರು ಮೈಕ್ ಹಿಡಿದರು. ನಲವತ್ತು ನಿಮಿಷವಾದರೂ ಬಿಡಲಿಲ್ಲ. ಊಟ ತಣ್ಣಗಾಗುತ್ತಿತ್ತು, ಮಕ್ಕಳು ಅಳುತ್ತಿದ್ದವು. ನಡುವೆ ನೀರು ಕುಡಿಯಲೆಂದು, "ನಮ್ಮ ಅತಿಥಿಗಳು ಕನ್ನಡದಲ್ಲೇ ಎರಡು ಮಾತಾಡ್ತಾರಂತೆ. ಆಮೇಲೆ ನಾನು ಮುಂದುವರಿಸ್ತೇನೆ," ಎಂದು ಮೈಕ್ ದಾಟಿಸಿದರು.

ಸಾಹೇಬರು ಕನ್ನಡ ಕಲಿತದ್ದು ರಿಹರ್ಸಲ್ಲಿನಲ್ಲಿ. ಅಧ್ಯಕ್ಷರು ಮಾತು ಮರೆತು ತಡವರಿಸಿದಾಗಲೆಲ್ಲ ನಮ್ಮ ನಿರ್ದೇಶಕರು ಎರಡೂ ಕೈ ಮುಗಿದು ಒಂದೇ ವಾಕ್ಯ ಹೇಳುತ್ತಿದ್ದರು. ಕೈ ಮುಗಿದು ಹೇಳುವುದರಿಂದ ಅದು ಕೃತಜ್ಞತೆಯ ಮಾತೇ ಇರಬೇಕೆಂದು ತಿಳಿದು, ಸಾಹೇಬರು ಯಾರನ್ನೂ ಕೇಳದೆ ಬಾಯಿಪಾಠ ಮಾಡಿಕೊಂಡಿದ್ದರು.

ಅಧ್ಯಕ್ಷರ ಕಡೆ ತಿರುಗಿ, ಪೇಟ ಸರಿಮಾಡಿಕೊಂಡು, ಕೈ ಮುಗಿದು, ಸ್ಪಷ್ಟ ಕನ್ನಡದಲ್ಲಿ ಹೇಳಿದರು:

"ಸಾಕು ಮಾರಾಯ್ರೇ! ದಮ್ಮಯ್ಯ, ಕೆಳಗೆ ಇಳೀರಿ!"

ಇಡೀ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಸಾಹೇಬರ ಕಣ್ಣಲ್ಲಿ ನೀರು. ಪ್ಯಾರಿಸ್ಸಿನಲ್ಲೂ ತಮಗೆ ಇಂಥ ಗೌರವ ಸಿಕ್ಕಿರಲಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಹಿಂದಿನ ಸಾಲಿನಿಂದ ಯಾರೋ "ಒನ್ಸ್ ಮೋರ್!" ಎಂದು ಕೂಗಿದರು.

ಸಾಹೇಬರು ಮತ್ತೊಮ್ಮೆ ಹೇಳುವಷ್ಟರಲ್ಲಿ ಅಧ್ಯಕ್ಷರು ಇಳಿದಾಗಿತ್ತು.