ಕವರ್ ತೆಗೆಯಬೇಡಿ

ಫೋನಿನಲ್ಲಿ ಕೆಲಸದ ಮಾತು ಮುಗಿದ ಮೇಲೆ ಮುಂದೇನು ಮಾತಾಡಬೇಕು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ನಮ್ಮ ಕಡೆಯ ಜನ ಫೋನ್ ಎತ್ತಿದರೆ ಮೊದಲು ಊಟ, ಆಮೇಲೆ ಮಳೆ, ಎಮ್ಮೆ, ಎಮ್ಮೆಯ ಕರು, ಎದುರುಮನೆಯವರ ಮಗಳ ಬಾಣಂತನ ಎಲ್ಲವನ್ನೂ ವಿಚಾರಿಸಿ, ಇನ್ನೇನು ಇಡಬೇಕೆನ್ನುವಾಗ ‘ಅಂದಂಗ’ ಎಂದು ಕೆಲಸದ ಮಾತು ತೆಗೆಯುತ್ತಾರೆ. ನಾನು ಕೆಲಸದ ಮಾತಿನಿಂದ ಶುರುಮಾಡಿ ಅಲ್ಲಿಗೇ ಮುಗಿಸುತ್ತೇನೆ. ಕೇಳಿದ್ದಕ್ಕಷ್ಟೇ ಉತ್ತರ, ಬೇಕಾದಷ್ಟೇ ಪ್ರಶ್ನೆ. ಇದನ್ನು ನಾನು ಶಿಸ್ತು ಎಂದುಕೊಂಡಿದ್ದೆ. ಅವ್ವ ಸೊಕ್ಕು ಎನ್ನುತ್ತಾಳೆ. ಈರಣ್ಣ ಮಾಮಾನ ಟ್ರಕ್ಕಿಗೆ ಕಂಪ್ಯೂಟರ್ ಮಾಡಿಕೊಟ್ಟ ಮೇಲೆ ಇದಕ್ಕೆ ಮೂರನೆಯ ಹೆಸರೊಂದು ಬೇಕೆನಿಸಿದೆ.

ಮಾಮಾ ಎಂದರೆ ಅವ್ವನ ತಮ್ಮ. ಊರು ದೊಡವಾಡ, ವಾಸ ಹೆಚ್ಚಾಗಿ ಟ್ರಕ್ಕಿನ ಕ್ಯಾಬಿನ್ನಿನಲ್ಲಿ. ಬೈಲಹೊಂಗಲದಲ್ಲಿ ಹತ್ತಿ ಹೇರಿಕೊಂಡು ಗುಜರಾತಕ್ಕೋ ತಮಿಳುನಾಡಿಗೋ ಹೋಗುತ್ತಾರೆ. ಅಲ್ಲಿ ಸಿಕ್ಕಿದ್ದನ್ನು ಹೇರಿಕೊಂಡು ಮತ್ತೆಲ್ಲಿಗೋ. ಆದರೂ ಊರಿನಲ್ಲಿ ಅವರನ್ನು ಯಾರೂ ಡ್ರೈವರ್ ಎನ್ನುವುದಿಲ್ಲ, ಪೇಟಿ ಮಾಸ್ತರ ಎನ್ನುತ್ತಾರೆ. ಪೇಟಿ ಎಂದರೆ ಹಾರ್ಮೋನಿಯಂ. ಊರಿನ ಬಯಲಾಟಕ್ಕೆ ಹಾಡು ಕೂಡಿಸಿ ಪಾತ್ರಧಾರಿಗಳ ಬಾಯಲ್ಲಿ ಕೂರಿಸುವುದು ಮೊದಲಿನಿಂದಲೂ ಅವರ ಕೆಲಸ. ಈ ಸಲ ಆಟದವರು ತಕರಾರು ತೆಗೆದರು. ತಾಲೀಮಿಗೆ ಬಾರದ ಮಾಸ್ತರನನ್ನು ಕಟ್ಟಿಕೊಂಡು ಮಾಡುವುದೇನು, ರಾಮದುರ್ಗದ ಕಡೆಯ ಮಾಸ್ತರರೊಬ್ಬರು ಬರಲು ತಯಾರಿದ್ದಾರೆ ಎಂದರು. ಮಾಮಾ ಮಾತು ಕೊಟ್ಟರು: ಎಲ್ಲ ಹಾಡುಗಳನ್ನೂ ದಾರಿಯಲ್ಲೇ ರೆಕಾರ್ಡ್ ಮಾಡಿ ಕಳಿಸುತ್ತೇನೆ, ತಾಲೀಮು ಶುರುವಾಗುವ ಹೊತ್ತಿಗೆ ಅವು ಬರದಿದ್ದರೆ ರಾಮದುರ್ಗದವರನ್ನೇ ಕರೆಸಿರಿ. ಗೋದಾಮಿನ ಮುಂದೆ ಸರಕು ಇಳಿಸಲು ಕಾಯುವಾಗ ಗಾಜು ಏರಿಸಿಕೊಂಡರೆ ಕ್ಯಾಬಿನ್ನಿಗಿಂತ ಒಳ್ಳೆಯ ಸ್ಟುಡಿಯೋ ಇಲ್ಲ ಎಂಬುದು ಅವರ ವಾದ. ಆದರೆ ಪೇಟಿ, ತಾಳ, ಧ್ವನಿ ಬೇರೆ ಬೇರೆ ಹಿಡಿದು ಜೋಡಿಸಲು ಫೋನು ಸಾಲದು. ಇದ್ದೊಂದು ಲ್ಯಾಪ್‌ಟಾಪು ಯಾವುದೋ ಹಂಪಿನಲ್ಲಿ ಸೀಟಿನಿಂದ ಹಾರಿ ಪ್ರಾಣ ಬಿಟ್ಟಿತ್ತು.

“ನೀ ಕಂಪ್ಯೂಟರ್ ಕಲತಾಕಿ ಅಲ್ಲೇನವಾ, ಟ್ರಕ್ಕಿಗೆ ತಾಳೂವಂಥಾದ್ದು ಒಂದು ಮಾಡಿಕೊಡು” ಎಂದರು. ನಾನು ಧಾರವಾಡದಲ್ಲಿ ಕಲಿತದ್ದು ಕಂಪ್ಯೂಟರಿಗೆ ಲೆಕ್ಕ ಹೇಳಿಕೊಡುವುದನ್ನು, ಅದರ ಹೊಟ್ಟೆ ಬಿಚ್ಚುವುದನ್ನಲ್ಲ. ಈ ವ್ಯತ್ಯಾಸವನ್ನು ವಿವರಿಸಲು ಬಹಳ ಮಾತಾಡಬೇಕಿತ್ತು. ‘ಹೂಂ’ ಎನ್ನುವುದು ಚಿಕ್ಕ ಉತ್ತರವಾಗಿತ್ತು.

ಟ್ರಕ್ಕಿನ ಬ್ಯಾಟರಿ ಎಂಜಿನ್ ಚಾಲೂ ಆಗುವಾಗ ಒಮ್ಮೆ ಕುಸಿದು ಏಳುತ್ತದೆ. ಅದನ್ನು ಸಮ ಮಾಡಿ ಕೊಡುವ ಪೆಟ್ಟಿಗೆಯೊಂದನ್ನು ತರಿಸಿದೆ. ತಿರುಗುವ ಡಿಸ್ಕು ಕುಲುಕಾಟಕ್ಕೆ ಬಾಳುವುದಿಲ್ಲ. ತಿರುಗದ ಜಾತಿಯದನ್ನು ಹಾಕಿದೆ. ಪುಟ್ಟ ಕಬ್ಬಿಣದ ಡಬ್ಬಿ, ಅದಕ್ಕೆ ರಬ್ಬರಿನ ಪಾದ, ಪಕ್ಕದಲ್ಲಿ ಗಾಳಿಯಾಡಲು ಜಾಲರಿ, ಒಳಗೊಂದು ಫ್ಯಾನು. ಎಲ್ಲವನ್ನೂ ಸೀಟಿನ ಹಿಂದಿನ ಹಲಗೆಗೆ ಬೋಲ್ಟು ಹಾಕಿ ಕೂರಿಸಿ, ಪರೀಕ್ಷೆಗೆಂದು ಸವದತ್ತಿಯ ಮೇಲೆ ಹಾದು ರಾಮದುರ್ಗದವರೆಗೆ ನಾನೇ ಜೊತೆಗೆ ಹೋದೆ. ಕಂಪ್ಯೂಟರ್ ಒಂದು ಸಲವೂ ನಿಲ್ಲಲಿಲ್ಲ. ನನ್ನನ್ನು ಮಾತ್ರ ನಡುನಡುವೆ ಕೆಳಗಿಳಿಸಿ ನಿಂಬೆಹಣ್ಣು ಮೂಸಿಸಬೇಕಾಯಿತು. ಬಂಪರಿಗೆ ಕಟ್ಟಿದ್ದಲ್ಲ, ಬೇರೆಯದು.

ಉಳಿದದ್ದು ಒಂದೇ ಭಯ. ಮಾಮಾನ ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ರೇಡಿಯೋ, ಗಡಿಯಾರ, ಮಿಕ್ಸರ್ ಯಾವುದೂ ಇಡಿಯಾಗಿ ಉಳಿದದ್ದಿಲ್ಲ. ಆದ್ದರಿಂದ ಅವರು ಹೊರಡುವ ದಿನ ಫೋನ್ ಮಾಡಿ, ಏನೇ ಆಗಲಿ ಕವರ್ ಮಾತ್ರ ತೆಗೆಯಬೇಡಿ ಎಂದೆ. ಕವರ್ ಎಂದರೆ ಡಬ್ಬಿಯ ಪಕ್ಕದ ತಗಡು. ಮಾಮಾ “ನಿನಗೂ ಸುದ್ದಿ ಮುಟ್ಟಿತೇನು? ಇಲ್ಲ ಬಿಡು, ತಗಿಯೂದಿಲ್ಲ” ಎಂದು ನಕ್ಕರು. ಮಿಕ್ಸರಿನ ಸುದ್ದಿ ಇರಬೇಕೆಂದುಕೊಂಡು ನಾನು ಫೋನ್ ಇಟ್ಟೆ.

ಅವರು ಮಹಾರಾಷ್ಟ್ರ ದಾಟುವ ಮೊದಲೇ ದೂರು ಬಂತು. ಹಾಡು ಅರ್ಧಕ್ಕೆ ಬಂದಾಗ ಕಂಪ್ಯೂಟರ್ ತಾನಾಗಿಯೇ ಮಲಗಿಬಿಡುತ್ತದೆ, ಒಂದಷ್ಟು ಹೊತ್ತು ಬಿಟ್ಟರೆ ಏಳುತ್ತದೆ. ನಾನು ಕ್ರಮವಾಗಿ ಕೇಳಿದೆ. ಜಾಲರಿಗೆ ಧೂಳು ಕಟ್ಟಿದೆಯೇ? ಒಂದು ಕಣವೂ ಇಲ್ಲವಂತೆ. ಫ್ಯಾನಿನ ಸಪ್ಪಳ ಹೇಗಿದೆ? “ಸಪ್ಪಳನ ಇಲ್ಲವಾ, ಭಾಳ ಶಾಂತ ಐತಿ. ರೆಕಾರ್ಡಿಂಗಿಗೆ ಅದ ಬೇಕಿತ್ತು.” ಒಳ್ಳೆಯ ಫ್ಯಾನು ಆರಿಸಿದೆನೆಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಕವರ್?

“ನೀ ಹೇಳಿದ ಮ್ಯಾಲೆ ಹೆಂಗ ತಗೀಲಿ? ದಿನಾ ಮುಂಜಾನೆ ಬಿಗಿ ಮಾಡತೇನಿ. ಇನ್ನೊಂದ ಕೇಳಿಲ್ಲೆ, ನಿಮ್ಮತ್ತಿ ಏನ ಮಾಡ್ಯಾಳ ಗೊತ್ತೇನು?”

ದಾರಿಗೆ ಶೇಂಗಾ ಹೋಳಿಗೆ ಮಾಡಿಕೊಟ್ಟಿರಬೇಕು ಎಂದುಕೊಂಡೆ. “ಭಾಳ ಚಲೋ ಆತ್ರಿ ಮಾಮಾ, ಇಡತೇನ್ರಿ” ಎಂದು ಇಟ್ಟೆ.

ಆಮೇಲೆ ನಾನು ಬ್ಯಾಟರಿಯನ್ನು ಅನುಮಾನಿಸಿದೆ, ತಂತಿಗಳನ್ನು ಅನುಮಾನಿಸಿದೆ, ಕೊನೆಗೆ ನನ್ನ ಪದವಿಯನ್ನೇ ಅನುಮಾನಿಸಿದೆ. ಅತ್ತ ಆಟದವರಿಗೆ ತಲುಪಿದ ಹಾಡುಗಳೆಲ್ಲ ಎರಡನೆಯ ನುಡಿಯಲ್ಲಿ ನಿಂತಿದ್ದವು. ಭೀಮನ ಪಾತ್ರದವನು ಅವನ್ನು ಕೇಳಿ ಕೇಳಿ, ಅರ್ಧ ಹಾಡಿ ಗದೆ ಹಿಡಿದು ಸುಮ್ಮನೆ ನಿಲ್ಲುವುದನ್ನೇ ರೂಢಿ ಮಾಡಿಕೊಂಡನಂತೆ. ರಾಮದುರ್ಗದವರಿಗೆ ಸೋಮವಾರ ಬರಲು ಹೇಳಿದ್ದಾರೆಂದು ತಿಳಿಯಿತು. ಮಾಮಾ ಆ ದಿನ ಫೋನಿನಲ್ಲಿ ಊಟದ ಸುದ್ದಿ ಕೇಳಲಿಲ್ಲ, ಮಳೆಯ ಸುದ್ದಿ ಕೇಳಲಿಲ್ಲ. “ಪೇಟಿ ಇನ್ನ ಅಟ್ಟಕ್ಕ ಇಡೂದ ಬಿಡವಾ” ಎಂದಷ್ಟೇ ಹೇಳಿದರು. ನನ್ನ ಹಾಗೆ ಮಾತಾಡಿದ್ದರು. ಕೇಳಲು ಬಹಳ ಕೆಟ್ಟದಾಗಿತ್ತು.

ಸೋಮವಾರಕ್ಕೆ ಮೊದಲು ಟ್ರಕ್ಕು ದೊಡವಾಡಕ್ಕೆ ಬಂತು. ನಾನು ಬಸ್ ಹಿಡಿದು ಹೋಗಿ, ನೇರವಾಗಿ ಕ್ಯಾಬಿನ್ ಹತ್ತಿದೆ. ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಕೂಸು ಕೂತಿತ್ತು.

ಕುಂಚಿಗೆ. ಎಳೆಗೂಸಿಗೆ ಗಾಳಿ ತಾಗದಿರಲೆಂದು ನೆತ್ತಿಯಿಂದ ಬೆನ್ನಿನವರೆಗೆ ಇಳಿಬಿಟ್ಟು, ಗಲ್ಲದ ಕೆಳಗೆ ಕಸೆ ಕಟ್ಟುತ್ತಾರಲ್ಲ, ಅದೇ. ಹಸಿರು ಖಣ, ಕೆಂಪು ಅಂಚು, ಒಳಗೆ ಹಳೆಯ ಸೀರೆಗಳ ಪದರ ಕೊಟ್ಟು ಕೌದಿಯಂತೆ ಒತ್ತಾಗಿ ಹಾಕಿದ ಹೊಲಿಗೆ. ತುದಿಗೆ ಗೊಂಡೆ. ದೃಷ್ಟಿಯಾಗದಂತೆ ಕಾಡಿಗೆಯ ಬೊಟ್ಟು. ಅದರೊಳಗೆ ನನ್ನ ಡಬ್ಬಿ. ಫ್ಯಾನಿನ ಸಪ್ಪಳ ಯಾಕಿರಲಿಲ್ಲ ಎಂದು ತಿಳಿಯಿತು.

“ನೋಡವಾ, ಕವರ್ ಒಂದ ದಿನಾನೂ ತಗದಿಲ್ಲ” ಎಂದರು ಮಾಮಾ. ಉಳಿದ ಡ್ರೈವರುಗಳ ಮುಂದೆ ಕುಂಚಿಗೆ ಎನ್ನಲು ನಾಚಿಕೊಂಡು, ಮೊದಲ ದಿನದಿಂದಲೇ ಅದಕ್ಕೆ ಕವರ್ ಎಂದು ಹೆಸರಿಟ್ಟಿದ್ದರಂತೆ.

ಕೆಳಗೆ ಅತ್ತೆ ಚಹಾ ಹಿಡಿದು ನಿಂತಿದ್ದರು. “ಧೂಳಾಗ ತಿರಗೂ ಜೀವ ಅದು, ಬರೇ ಮೈಲೆ ಕಳಸೂದು ಹೆಂಗವಾ?” ಎಂದರು. ಅವರ ಹೊಲಿಗೆ ಕಂಪ್ಯೂಟರಿನ ಉಸಿರು ಕಟ್ಟಿಸುತ್ತಿದೆ ಎಂಬ ನಿಖರವಾದ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಅದನ್ನು ಚಹಾದ ಜೊತೆ ನುಂಗಿದೆ.

“ಅತ್ತಿ, ಕೂಸು ದೊಡ್ಡದಾತ್ರಿ. ಈಗ ಅದಕ್ಕ ಕುಂಚಿಗಿ ಕಟ್ಟಿದ್ರ ಸೆಕಿ ಆಗತೈತಿ.”

ಅತ್ತೆ ಯೋಚಿಸಿದರು. “ಅದೂ ಖರೇ ಐತಿ. ಊರೂರು ತಿರಗಾಡೂ ಕೂಸಿಗೆ ಯಾರ ಕಟ್ಟತಾರ” ಎಂದು ತಾವೇ ಮೇಲೆ ಹತ್ತಿ, ಕಸೆ ಬಿಚ್ಚಿ, ಮಡಚಿ ಸೆರಗಿನಲ್ಲಿಟ್ಟುಕೊಂಡರು. ಫ್ಯಾನು ಗುಯ್ ಎನ್ನತೊಡಗಿತು. ಮಾಮಾ ಅದನ್ನು ಕಿವಿಗೊಟ್ಟು ಕೇಳಿ, ಪೇಟಿಯ ಶ್ರುತಿಗೆ ಹೊಂದುತ್ತದೆ ಎಂದರು. ಸೋಮವಾರದ ಹೊತ್ತಿಗೆ ಹಾಡುಗಳೆಲ್ಲ ಕೊನೆಯ ನುಡಿ ಮುಟ್ಟಿದ್ದವು. ರಾಮದುರ್ಗದ ಮಾಸ್ತರರು ಬಂದೇಬಿಟ್ಟಿದ್ದರಿಂದ ಅವರನ್ನು ತಬಲಾಕ್ಕೆ ಕೂರಿಸಿದರಂತೆ. ಭೀಮ ಮಾತ್ರ ಈಗಲೂ ನಡುವೆ ಒಮ್ಮೆ ನಿಲ್ಲುತ್ತಾನೆ.

ಆಮೇಲೊಂದು ದಿನ ಅತ್ತೆ ನಮ್ಮ ಮನೆಗೆ ಬಂದರು. ಚೀಲದಲ್ಲಿ ಕುಂಚಿಗೆ, ಒಗೆದು ಮಡಚಿದ್ದು. “ಇಟ್ಟಿರ್ರಿ ಅಕ್ಕಾರ, ಮುಂದ ಇಕಿ ಕೂಸಿಗೆ ಆಗತೈತಿ” ಎಂದು ಅವ್ವನ ಕೈಗೆ ಕೊಟ್ಟರು. ಅವ್ವ ಅದನ್ನು ನನ್ನ ಕಪಾಟಿನಲ್ಲಿ, ನನ್ನ ಪುಸ್ತಕಗಳ ಮೇಲೆಯೇ ಇಟ್ಟಳು. ನನಗಿನ್ನೂ ಮದುವೆಯೇ ಆಗಿಲ್ಲವಲ್ಲ ಎಂದು ನಾನು ಯಾರಿಗೂ ನೆನಪಿಸಲಿಲ್ಲ. ಯಾರೂ ಕೇಳಿರಲಿಲ್ಲ.

ನಿನ್ನೆ ಮಾಮಾ ಫೋನ್ ಮಾಡಿದ್ದರು. ಕಂಪ್ಯೂಟರ್ ಹೇಗಿದೆ ಎಂದು ಕೇಳಿದೆ, ಚಲೋ ಐತಿ ಎಂದರು. ನನ್ನ ಲೆಕ್ಕದಲ್ಲಿ ಮಾತು ಅಲ್ಲಿಗೆ ಮುಗಿದಿತ್ತು. ಅವರು ಊಟ ವಿಚಾರಿಸಿದರು, ಮಳೆ ವಿಚಾರಿಸಿದರು, ಕಿತ್ತೂರಿನಲ್ಲಿ ಯಾರದೋ ಮನೆಯಲ್ಲಿ ಚಹಾ ಕುಡಿದದ್ದನ್ನು ಹೇಳಿದರು. “ಅಂದಂಗ, ಆ ಮನ್ಯಾಗ ಒಬ್ಬ ಹುಡುಗ ಅದಾನ ನೋಡವಾ” ಎಂದರು. ‘ಇಡತೇನ್ರಿ’ ಎನ್ನಲು ಬಾಯಿ ತೆರೆದೆ. ಹಿಂದೊಮ್ಮೆ ಹಾಗೆ ಇಟ್ಟದ್ದು ನೆನಪಾಯಿತು.

“ಹೇಳ್ರಿ ಮಾಮಾ” ಎಂದು, ಫ್ಯಾನ್ ಹಾಕಿಕೊಂಡು ಕೂತೆ.