ನೀಲಗಂಗವ್ವನ ಲಾರಿಯ ಒಂಟಿ ಸೀನು

"ಉಸಿರು ನೋಡ್ರಿ, ಉಸಿರು! ಹೆಂಗ ಎಳಿತೈತಿ!"

ಮೈಲಾರಪ್ಪ ಹೆಗಲ ಮೇಲಿನ ಟವೆಲು ತೆಗೆದು ಲಾರಿಯ ಗಾಳಿ ಕೊಳವೆಯ ಬಾಯಿಗೆ ಹಿಡಿದ. ಸುರ್ರ್! ಟವೆಲು ಕೊಳವೆಗೆ ಕಚ್ಚಿಕೊಂಡಿತು. ಅವನು ಜಗ್ಗಿದ, ಡ್ರೈವರ್ ದಾವಲಸಾಬನೂ ಜಗ್ಗಿದ. ಎಂಜಿನ್ ಆರಿಸಿದ ಮೇಲೆಯೇ ಅದು ಕೈಗೆ ಬಂತು, ಅದೂ ಅರ್ಧ.

ದಾವಲಸಾಬ ಉಳಿದರ್ಧ ಟವೆಲನ್ನು ತಿರುಗಿಸಿ ತಿರುಗಿಸಿ ನೋಡಿದ. ಮೀಸೆ ಚಿಗುರಿದಾಗಿನಿಂದ ಈ ಲಾರಿಯನ್ನೇ ಓಡಿಸಿದವನು ಅವನು. ಈಗ ಮೀಸೆ ಬೆಳ್ಳಗಾಗಿತ್ತು, ಲಾರಿಗೆ ದಮ್ಮು ಹತ್ತಿತ್ತು. ಸಣ್ಣ ಏರು ಕಂಡರೂ ಕರಿ ಹೊಗೆ ಕಾರಿ ನಿಂತುಬಿಡುತ್ತಿತ್ತು. ಮಾಲಕಿ ನೀಲಗಂಗವ್ವ ಖಡಾಖಂಡಿತವಾಗಿ ಹೇಳಿದ್ದಳು: ಇವತ್ತು ದರ ಕಟ್ಟುವ ಟೆಂಡರ್ ಮುಗಿಯುವುದರೊಳಗೆ ಮೆಣಸಿನಕಾಯಿ ಬ್ಯಾಡಗಿ ಪೇಟೆ ಮುಟ್ಟದಿದ್ದರೆ ನಾಳೆ ಲಾರಿ ಗುಜರಿಗೆ!

ಅದನ್ನು ಉಳಿಸಲು ಮುಂದೆ ಬಂದವನು ಅವಳ ಸೋದರಮಾವ ಮೈಲಾರಪ್ಪ. ಕಿವಿ, ಮೂಗು, ಗಂಟಲು ಡಾಕ್ಟರರ ಬಳಿ ಜೀವಮಾನವೆಲ್ಲ ಕಂಪೌಂಡರ್ ಆಗಿದ್ದವನು, ನಿವೃತ್ತನಾದ ಮೇಲೆ ಮೂಗುಗಳು ಸಿಗದೆ ಯಂತ್ರಗಳಿಗೆ ಗಂಟುಬಿದ್ದಿದ್ದ. ಅವನು ರಿಪೇರಿ ಮಾಡಿದ ಮಿಕ್ಸರ್ ಇವತ್ತಿಗೂ ಗೊರಕೆ ಹೊಡೆಯುತ್ತದೆ.

"ಇದಕ್ಕ ಡೀಸೆಲ್ ಕಮ್ಮಿ ಆಗಿಲ್ಲೋ, ಉಸಿರು ಕಮ್ಮಿ ಆಗೈತಿ. ಮೂಗು ಕಟ್ಟೈತಿ!" ಎಂದ ಮೈಲಾರಪ್ಪ. "ಎಂಜಿನ್ ಹೆಡ್ ಬಿಚ್ಚಿ, ಗಾಳಿ ಹೋಗೋ ಹೊಳ್ಳಿಗಳ್ನ ತಿಕ್ಕಿ ನುಣ್ಣಗ ಮಾಡೀನಿ. ಒಳಗ ನಾನ ಬಾಟ್ಲ್ಯಾಗ ಬೆಳಸಿದ ಜೀವಪೊರೆ ಅಂಟಿಸೀನಿ. ನಮ್ಮ ಮೂಗಿನಾಗ ಇರ್ತೈತಲ್ಲ, ಹಂಗ! ಗಾಳಿ ಬೇಕಾದಷ್ಟು ತಾನ ಹೊಳ್ಳಿ ಅರಳಸ್ತೈತಿ."

"ಅಂದ್ರ, ಹೆಡ್ಡಿನಾಗ ಮೂಗು ಇಟ್ಟೀರಿ?"

"ಹೂಂ ಮತ್ತ!"

"ಹೆಡ್ಡ ಯಾರು ಅಂತ ಸಂಜಿಗೆ ಗೊತ್ತಾಕ್ಕೈತಿ ಬಿಡ್ರಿ," ಎಂದು ದಾವಲಸಾಬ ಗೊಣಗಿದ.

ಮೆಣಸಿನಕಾಯಿ ಚೀಲಗಳು ಏರಿದವು. ನೀಲಗಂಗವ್ವ ತೆಂಗಿನಕಾಯಿ ಒಡೆದು, ಸೆರಗು ಬಿಗಿದು ಕ್ಯಾಬಿನ್ನಿನಲ್ಲಿ ಕೂತಳು, ಪಕ್ಕದಲ್ಲಿ ಮೈಲಾರಪ್ಪ. ದಾವಲಸಾಬ ದೇವರನ್ನು ನೆನೆದು ಕೀಲಿ ತಿರುವಿದ. ಲಾರಿ ಸುತ್ತಲಿನ ಗಾಳಿಯನ್ನೆಲ್ಲ ಎಳೆದುಕೊಂಡಿತು, ಗಾಳಿಯ ಜತೆ ಮೆಣಸಿನಕಾಯಿ ಧೂಳನ್ನೂ.

ಹಾ... ಹಾ... ಆಕ್ಷೀ!

ಲಾರಿ ಒಂದು ಮೊಳ ಜಿಗಿದು ನಿಂತಿತು.

"ನಿಲ್ಲಸೋ! ಒಂಟಿ ಸೀನು!" ನೀಲಗಂಗವ್ವ ಚೀರಿದಳು.

"ಅಕ್ಕಾರ, ಸೀನಿದ್ದು ಮನಷ್ಯಾ ಅಲ್ರಿ, ಲಾರಿ!"

"ಯಾರ ಸೀನಿದ್ರೂ ಸೀನು ಸೀನ! ಹೊಂಡೋ ಹೊತ್ತಿಗೆ ಒಂಟಿ ಸೀನು ಆದ್ರ ಮುಂದ ಹೋಗಬಾರ್ದು. ಇಳದು ಕುಂದ್ರು. ನೀರು ಕುಡಿ."

ಎಲ್ಲರೂ ಇಳಿದು ಕಟ್ಟೆಯ ಮೇಲೆ ಕೂತು ನೀರು ಕುಡಿದರು. ಸೀನಿದವರೂ ಕುಡಿಯಬೇಕೆಂದು ರೇಡಿಯೇಟರಿಗೂ ಒಂದು ಚೊಂಬು ಸುರಿದದ್ದಾಯಿತು. ಮತ್ತೆ ಹತ್ತಿದರು. ಕೀಲಿ. ಆಕ್ಷೀ! ಒಂದೇ. ಮತ್ತೆ ಇಳಿದರು, ಮತ್ತೆ ನೀರು. ಬಿಸಿಲು ಏರುತ್ತಿತ್ತು. ನೀರು ಕುಡಿದು ಕುಡಿದು ದಾವಲಸಾಬನ ಹೊಟ್ಟೆ ಬಿಂದಿಗೆಯಾಯಿತು. ಕಣ್ಣು ಮುಚ್ಚಿದರೆ ಸಾಕು, ಗುಜರಿಯವನು ಗ್ಯಾಸ್ ಕಟರ್ ಹಿಡಿದು ಬಾನೆಟ್ಟಿನ ಕಡೆ ಬರುತ್ತಿದ್ದ.

"ಅಕ್ಕಾರ, ಜೋಡಿ ಸೀನು ಬಂದ್ರ?"

"ಜೋಡಿ ಆದ್ರ ಶುಭ. ಹೋಗಬೌದು."

ದಾವಲಸಾಬನ ಕಣ್ಣು ಮೈಲಾರಪ್ಪನ ಜೇಬಿನಲ್ಲಿದ್ದ ನಶ್ಯದ ಡಬ್ಬಿಯ ಮೇಲೆ ಬಿತ್ತು.

"ಏ, ಬ್ಯಾಡೋ! ಇದು ವಿಜ್ಞಾನಕ್ಕ ಅವಮಾನ!"

"ವಿಜ್ಞಾನ ನೀವ ಇಟ್ಕೊರ್ರಿ ಕಂಪೌಂಡರ್ ಸಾಹೇಬ್ರ, ಡಬ್ಬಿ ನನಗ ಕೊಡ್ರಿ!"

ಕೊಳವೆಯೊಳಗೆ ಒಂದು ಚಿಟಿಕೆ ನಶ್ಯ ಬಿತ್ತು. ಆಕ್ಷೀ! ಆಕ್ಷೀ! "ಹೊಡಿ ಗಾಡಿ!" ಎಂದಳು ನೀಲಗಂಗವ್ವ.

ಆಮೇಲೆ ಆದದ್ದು ಪ್ರಯಾಣವೋ ಕಪ್ಪೆಯಾಟವೋ ಹೇಳುವುದು ಕಷ್ಟ. ಸೀನಿಗೊಂದು ಜಿಗಿತ! ಏರನ್ನು ಲಾರಿ ಕುಪ್ಪಳಿಸಿಕೊಂಡೇ ಹತ್ತಿ ಒಂದು ಬಸ್ಸನ್ನೂ ಹಿಂದೆ ಹಾಕಿತು. ಒಂಟಿ ಸೀನಾದಾಗ ನೀಲಗಂಗವ್ವ "ಹಿಡಿ!" ಎನ್ನುವಳು, ಜೋಡಿಯಾದರೆ "ಬಿಡು!" ದಾವಲಸಾಬ ಬೆವರುತ್ತ ಬ್ರೇಕಿಗೊಮ್ಮೆ, ನಶ್ಯದ ಡಬ್ಬಿಗೊಮ್ಮೆ ಓಡುತ್ತಿದ್ದ. ದಾರಿಯಲ್ಲಿ ಒಂದು ಕಡೆ ಮಿರ್ಚಿ ಭಜಿ ಕರಿಯುವ ವಾಸನೆ ಬಂತು. ಲಾರಿ ಸ್ಟೇರಿಂಗನ್ನೂ ಕೇಳದೆ ಅತ್ತ ತಿರುಗಿ, ಗಾಡಿಯವನ ಒಂದು ತಟ್ಟೆ ಭಜಿಯನ್ನು ಸುರ್ರೆಂದು ಎಳೆದುಕೊಂಡಿತು. ಮೂಗು ಕೊಟ್ಟ ಮೇಲೆ ಚಪಲ ಬಾರದೆ ಇರುತ್ತದೆಯೇ?

ಅಂತೂ ಪೇಟೆಯ ಗೇಟು ಕಂಡಿತು. ಇನ್ನೂ ಮುಚ್ಚಿರಲಿಲ್ಲ! ದಾವಲಸಾಬನ ಕಣ್ಣಲ್ಲಿ ನೀರಾಡಿತು. "ಗೆದ್ದೆಲ್ಲೋ ನನ್ನ ಕೂಸ!" ಎಂದು ಸ್ಟೇರಿಂಗ್ ಸವರಿದ.

ಆಕ್ಷೀ!

ಒಂದೇ. ಡಬ್ಬಿ ತಡಕಿದ. ಖಾಲಿ!

ನೀಲಗಂಗವ್ವ ಕೈ ಕಟ್ಟಿದಳು. "ಒಳಗ ಹೋಗೂದು ಬ್ಯಾಡ."

"ನಿಮ್ಮ ಕಾಲ್ ಬೀಳ್ತೀನ್ರಿ ಅಕ್ಕಾರ! ಇನ್ನೊಂದು ಸೀನು ನಾನ ಸೀನಿ ಜೋಡಿ ಮಾಡ್ತೀನಿ!"

ಅವನು ಒಂದು ಮೆಣಸಿನಕಾಯಿ ತೊಟ್ಟು ಮುರಿದು ಮೂಗಿಗೆ ತುರುಕಿಕೊಂಡ. ಮುಖ ಕೆಂಪಾಯಿತು, ಬಾಯಿ ತೆರೆಯಿತು, ಮೈಲಾರಪ್ಪ "ಬಂತು, ಬಂತು!" ಎಂದು ಕುಣಿದ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ. ಅಳು ಬಂತು, ಸೀನು ಬರಲಿಲ್ಲ. ಗೇಟು ಮುಚ್ಚಿತು.

ದಾವಲಸಾಬ ಸ್ಟೇರಿಂಗಿಗೆ ಹಣೆಯಿಟ್ಟು ಬಿಕ್ಕಿದ. ಅಷ್ಟರಲ್ಲಿ ಗೇಟಿನ ಕಿರುಬಾಗಿಲಿನಿಂದ ರೈತರು ಮೋರೆ ಇಳಿಬಿಟ್ಟುಕೊಂಡು ಬಂದರು. ಮಾಲು ವಿಪರೀತ ಬಂದು ಇವತ್ತಿನ ದರ ನೆಲ ಕಚ್ಚಿತ್ತು. "ಪುಣ್ಯಾತ್ಗಿತ್ತಿ ನೀನು, ಒಳಗ ಬರಲಿಲ್ಲ!" ಎಂದ ಒಬ್ಬ ಮುದುಕ.

ನೀಲಗಂಗವ್ವ ಕೆಳಗಿಳಿದು ಬಾನೆಟ್ಟಿಗೆ ಕೈಮುಗಿದಳು. "ಎಲ್ಲಾ ತಿಳಿದ ತಾಯಿ! ಇದನ್ನ ಗುಜರಿಗೆ ಹಾಕತೀನಿ ಅಂದಾವ್ರು ಯಾರು?"

"ನೀವ, ಅಕ್ಕಾರ."

"ಬಾಯಿ ಮುಚ್ಚು!"

ಆ ಮೆಣಸಿನಕಾಯಿ ಮುಂದೆ ಒಳ್ಳೆಯ ದರಕ್ಕೇ ಹೋಯಿತು, ಬೇರೆ ಲಾರಿಯಲ್ಲಿ. ನಮ್ಮ ಲಾರಿ ಈಗ ನೀಲಗಂಗವ್ವನ ಅಂಗಳದಲ್ಲಿ ಅರಿಶಿನ ಕುಂಕುಮ ಹಚ್ಚಿಕೊಂಡು ನಿಂತಿದೆ. ಕನ್ಯೆ ನೋಡಲು ಹೊರಟವರು, ಕೋರ್ಟಿಗೆ ಹೊರಟವರು, ಎಲ್ಲರೂ ಮೊದಲು ಇಲ್ಲಿಗೆ ಬರುತ್ತಾರೆ. ದಾವಲಸಾಬ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಕೀಲಿ ತಿರುವುತ್ತಾನೆ. ಜೋಡಿ ಸೀನಾದರೆ ಅವರು ಹೊರಡುತ್ತಾರೆ, ಒಂಟಿಯಾದರೆ ನೀರು ಕುಡಿದು ಮನೆಗೆ. ಮಂದಿ ಇಲ್ಲದಾಗ ಅವನು ಮೆಲ್ಲಗೆ, "ನಾವಿಬ್ರೂ ಒಂದ್ ಸುತ್ತು ಹೋಗಿ ಬರೂಣೇನ?" ಎಂದು ಕೇಳುತ್ತಾನೆ. ದಿನವೂ ಒಂದೇ ಸೀನು.

"ಗುಜರಿಗೆ ಹೋಗಲಿಲ್ರಿ, ಅದು ಖರೇ," ಎನ್ನುತ್ತಾನೆ ದಾವಲಸಾಬ. "ಮತ್ತೆಲ್ಲಿಗೂ ಹೋಗಲಿಲ್ಲ."