ನಮ್ಮ ವಾಲಿಬಾಲ್ ತಂಡಕ್ಕೆ ಆಗುತ್ತಿರುವ ಅವಮಾನಗಳು

ಹೊಟ್ಟೆ ಉರಿಸುವ ಪ್ರಸಂಗಗಳ ಹಿಂದೆ ನಾನಾಗಿ ಹೋಗುವುದಿಲ್ಲ, ಅವೇ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಲರ್ ಅಂಗಡಿ. ಬಟ್ಟೆ ಹೊಲಿಯುವುದು ಹೊಟ್ಟೆಪಾಡು, ವಾಲಿಬಾಲ್ ನೋಡುವುದು ಹುಟ್ಟುಗುಣ. ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ನಮ್ಮೂರಿಗೊಂದು ತಂಡವಿತ್ತು. ಶೃಂಗೇರಿಯಿರಲಿ, ನರಸಿಂಹರಾಜಪುರವಿರಲಿ, ಆ ತಂಡ ಆಡಿದ ಕಡೆಗೆಲ್ಲ ಲಾರಿಯ ಹಿಂದೆ ನಿಂತುಕೊಂಡು ಹೋಗಿ ನೋಡಿದವನು ನಾನು. ಆ ಆರು ಜನ ಚದುರಿ ಎಷ್ಟೋ ಕಾಲವಾಯಿತು. ಅವರ ಆಟವನ್ನು, ಅದರಲ್ಲೂ ನಮ್ಮ ಸ್ಮ್ಯಾಶರ್ ಅಣ್ಣನ ಒಂದೇ ಒಂದು ಹೊಡೆತವನ್ನು, ಕಣ್ಣು ಮುಚ್ಚುವುದರೊಳಗೆ ಇನ್ನೊಂದು ಸಲ ನೋಡಬೇಕು ಅನ್ನುವುದು ನನ್ನ ಆಸೆ. ಇದೇನು ಕಾಶಿಯಾತ್ರೆಯಷ್ಟು ದೊಡ್ಡ ಆಸೆಯೇ? ಆದರೆ ಈ ಸೀಮೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿದರೆ ಸಾಕು, ಒಂದಲ್ಲ ಒಂದು ಅವಮಾನ ತಪ್ಪಿದ್ದಲ್ಲ.

ಬಾಡಿಗೆಯ ನಮ್ಮವರು

ಹೋದ ಬೇಸಿಗೆಯಲ್ಲಿ ಊರಿನ ಮೈದಾನದಲ್ಲಿ ಟೂರ್ನಮೆಂಟ್ ಇಟ್ಟರು. ಬ್ಯಾನರಿನಲ್ಲಿ ‘ಕೊಪ್ಪ ತಂಡ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ನೋಡಿ ನನಗೆ ಮೈಯೆಲ್ಲ ರೋಮಾಂಚನ. ಅರ್ಧ ಹೊಲಿದ ಬ್ಲೌಸನ್ನು ಮಿಷನ್ನಿನ ಮೇಲೇ ಬಿಟ್ಟು, ಅಂಗಡಿಯ ಬಾಗಿಲೆಳೆದು ಹೋದೆ. ಜೊತೆಗೆ ನನ್ನ ಸ್ನೇಹಿತ. ಕೊಪ್ಪ ಶೃಂಗೇರಿ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್ ಅವನು, ನನ್ನ ಹಾಗೆಯೇ ಹಳೇ ಹುಚ್ಚ.

ಆಟಗಾರರು ಬಂದರು. ಆರಕ್ಕೆ ಆರೂ ಜನ ತೆಂಗಿನ ಮರದಷ್ಟು ಎತ್ತರ. ನಮ್ಮೂರಲ್ಲಿ ಇಷ್ಟು ಉದ್ದದವರು ಯಾವ ಮನೆಯಲ್ಲಿದ್ದಾರೆ, ಇವರ ಪ್ಯಾಂಟು ಯಾರು ಹೊಲಿಯುತ್ತಾರೆ ಎಂದು ನನಗೆ ಆಶ್ಚರ್ಯ. ಇರಲಿ, ನಮ್ಮವರಲ್ಲವೇ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಸೆಟ್ ಮುಗಿದ ಮೇಲೆ ಒಬ್ಬನ ಹತ್ತಿರ ಹೋಗಿ, "ಚೆನ್ನಾಗಿ ಆಡಿದ್ಯಪ್ಪಾ, ಯಾರ ಮನೆಯವನು ನೀನು?" ಎಂದು ಕೇಳಿದೆ. ಅವನು ನಕ್ಕು, ತಮಿಳಿನಲ್ಲಿ ಏನೋ ಹೇಳಿ, ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ತೆಗೆದುಕೊಂಡು ಕುಡಿದ.

ವಿಚಾರಿಸಿದರೆ ಆರೂ ಜನ ಬಾಡಿಗೆಗೆ ಬಂದವರು! ಊರಿನ ಹುಡುಗರು ಎಲ್ಲಿ ಅಂದರೆ, ಕುರ್ಚಿ ಜೋಡಿಸುತ್ತಿದ್ದಾರೆ. ಹಾಳಾಗಲಿ, ಊರಿನ ಹೆಸರಿಗೆ ಗೆದ್ದರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ವಾರ ಶೃಂಗೇರಿಯ ಪಂದ್ಯಕ್ಕೆ ಹೋಗಿ ನೋಡಿದರೆ, ನನ್ನ ನೀರು ಕುಡಿದ ಅದೇ ಮನುಷ್ಯ ಶೃಂಗೇರಿಯ ಕಡೆ ನಿಂತು ಕೊಪ್ಪದವರ ತಲೆಯ ಮೇಲೆ ಹೊಡೆಯುತ್ತಿದ್ದಾನೆ! ನನಗೆ ಕಣ್ಣು ಕತ್ತಲೆ ಬಂತು.

"ಅನ್ನ ನೀರಿನ ಋಣ ಅಂತ ಒಂದಿರ್ತದಲ್ಲ ಮಾರಾಯ!" ಎಂದೆ.

ಕಂಡಕ್ಟರ್ ಟಿಕೆಟ್ ಹರಿಯುವಷ್ಟೇ ತಣ್ಣಗೆ ಹೇಳಿದ: "ಬರೋ ವಾರ ಅವ್ನು ಎನ್.ಆರ್. ಪುರಕ್ಕೆ ಆಡ್ತಾನಂತೆ. ಅವನ ಅಭಿಮಾನಿ ಆಗ್ಬೇಕಂದ್ರೆ ಗಂಟ್ಲು ಸಾಲದು ಮಾರಾಯ, ತಿಂಗ್ಳ ಪಾಸ್ ಮಾಡಿಸ್ಕೋ."

ಗೆರೆಯ ಒಳಗೋ ಹೊರಗೋ

ನನ್ನ ಹೆಂಡತಿ ನರಸಿಂಹರಾಜಪುರದವಳು. ಅದು ಅವಳ ತಪ್ಪಲ್ಲ ಎಂದು ನಾನು ಯಾವಾಗಲೋ ಕ್ಷಮಿಸಿದ್ದೇನೆ. ಕ್ಷಮಿಸಲಾಗದ್ದು ಬೇರೆಯೇ ಇದೆ. ನಮ್ಮ ತಂಡ ಅವರೂರಿಗೇ ಹೋಗಿ ಅವರನ್ನೇ ಸೋಲಿಸಿ ಗೆದ್ದ ದೊಡ್ಡ ಪಂದ್ಯವೊಂದಿದೆ. ಕೊನೆಯ ಪಾಯಿಂಟಿನಲ್ಲಿ ನಮ್ಮ ಸ್ಮ್ಯಾಶರ್ ಹೊಡೆದ ಚೆಂಡು ಮೂಲೆಯ ಗೆರೆಯ ಮೇಲೆ ಬಿದ್ದು ಸುಣ್ಣದ ಪುಡಿ ಹಾರಿತು. ಆ ಪುಡಿ ಈಗಲೂ ನನ್ನ ಕಣ್ಣ ಮುಂದಿದೆ. ಆದರೆ ಮನೆಗೆ ಬಂದವರ ಮುಂದೆ ಈ ಕಥೆ ಹೇಳಿ ಇನ್ನೇನು ಪುಡಿ ಹಾರಬೇಕು ಅನ್ನುವಾಗ ಅಡುಗೆಮನೆಯಿಂದ ಒಂದು ದನಿ ಬರುತ್ತದೆ: "ಅದು ಔಟು."

ಅವಳೂ ಆ ದಿನ ಲಂಗ ಹಾಕಿಕೊಂಡು ಮೈದಾನದ ಆಚೆ ಬದಿಯಲ್ಲಿ ನಿಂತಿದ್ದಳಂತೆ. ಚೆಂಡು ಗೆರೆಯಿಂದ ಒಂದು ಗೇಣು ಹೊರಗೆ ಬಿತ್ತಂತೆ. ಮದುವೆಯಾದ ಹೊಸದರಲ್ಲಿ ಒಂದು ಬೆರಳು ಅನ್ನುತ್ತಿದ್ದಳು, ವರ್ಷ ಕಳೆದ ಹಾಗೆ ಅದು ಗೇಣಾಗಿದೆ. ಹೀಗೇ ಬಿಟ್ಟರೆ ಚೆಂಡು ಭದ್ರಾ ನದಿಗೆ ಬಿತ್ತು ಅನ್ನುವ ದಿನವೂ ದೂರವಿಲ್ಲ.

ನನ್ನ ಹತ್ತಿರ ಒಂದು ಬಲವಾದ ಸಾಕ್ಷಿ ಇತ್ತು. ಅವತ್ತು ಆ ಗೆರೆಯ ಪಕ್ಕ ಬಾವುಟ ಹಿಡಿದು ಕೂತಿದ್ದ ಲೈನ್ಸ್‌ಮನ್ ಬೇರೆ ಯಾರೂ ಅಲ್ಲ, ಇವಳ ಸ್ವಂತ ಅಪ್ಪ. ತನ್ನೂರು ಸೋಲುವುದು ಗೊತ್ತಿದ್ದೂ ‘ಒಳಗೆ’ ಎಂದು ಬಾವುಟ ಕೆಳಗಿಳಿಸಿದ ಧರ್ಮಾತ್ಮ. ಆ ಒಂದು ಕಾರಣಕ್ಕೇ ನಾನು ಆ ಮನೆಯ ಅಳಿಯನಾಗಲು ಒಪ್ಪಿದ್ದು. ಮೊನ್ನೆ ಅವರು ನಮ್ಮ ಮನೆಗೆ ಬಂದಾಗ ಊಟದ ಹೊತ್ತಿಗೆ ಮತ್ತೆ ‘ಔಟು’ ಬಂತು. ನಾನು ತಟ್ಟೆ ಸರಿಸಿ ಹೇಳಿದೆ: "ಮಾವ, ಇವತ್ತು ನೀವೇ ನಿಮ್ಮ ಮಗಳಿಗೆ ಹೇಳ್ಬಿಡಿ. ಚೆಂಡು ಒಳಗೆ ಬಿತ್ತಾ, ಹೊರಗೆ ಬಿತ್ತಾ?"

ಮಾವ ಸಾರನ್ನ ಕಲಸುತ್ತ ಹೇಳಿದರು: "ಅದೆಂತದೋ ಅಳಿಯಂದಿರೇ, ನಾ ನೋಡ್ಲೇ ಇಲ್ಲ. ಅವನು ಹಾರಿದ್ ನೋಡಿ ಹೆದರಿಕೊಂಡು ಕಣ್ಣು ಮುಚ್ಚಿದ್ದೆ. ಕಣ್ಣು ಬಿಡೋದ್ರೊಳಗೆ ನಿಮ್ಮೂರಿನವರು ಲಾರಿಯಿಂದ ಇಳ್ಕೊಂಡು ನನ್ ಹತ್ರ ಬರ್ತಾ ಇದ್ರು. ‘ಒಳಗೆ’ ಅಂದೆ."

ಹೆಂಡತಿ ಅಪ್ಪನ ತಟ್ಟೆಗೆ ಇನ್ನೊಂದು ಸೌಟು ತುಪ್ಪ ಬಡಿಸಿದಳು.

ಸಾಕ್ಷ್ಯಚಿತ್ರ

ನನ್ನ ಅಂಗಡಿಯ ಪಕ್ಕದಲ್ಲಿ ಒಬ್ಬ ಯುವಕ ಮೊಬೈಲ್ ರಿಪೇರಿ ಮಾಡುತ್ತಾನೆ. ಒಂದು ಬೆಳಿಗ್ಗೆ ಕೆಂಪು ಫುಟ್‌ಬಾಲ್ ಟೀಶರ್ಟು ತಂದು, ಸಡಿಲ ಆಗಿದೆ, ಬದಿ ಹಿಡಿದುಕೊಡಿ ಎಂದ. ಮುಖ ಬಾಡಿಹೋಗಿತ್ತು.

"ಎಂತ ಆಯ್ತಾ?"

"ನಿನ್ನೆ ನಾವು ಸೋತ್ವಿ ಅಣ್ಣಾ."

"ನಾವು ಅಂದ್ರೆ?"

ಇಂಗ್ಲೆಂಡಿನ ಯಾವುದೋ ತಂಡದ ಹೆಸರು ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ತನ್ನೂರು ಕಿಗ್ಗದಿಂದ ಕೊಪ್ಪಕ್ಕೆ ಬರುವಾಗ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಪ್ರಾಣಿ ಇವನು, ಇಂಗ್ಲೆಂಡಿನಲ್ಲಿ ‘ನಾವು’ ಸೋತೆವಂತೆ! ಬೈಯಬೇಕು ಅನ್ನುವಷ್ಟರಲ್ಲಿ ಅವನೇ ಹೇಳಿದ: "ಐದ್ನೇ ಕ್ಲಾಸಿಂದ ಟೀವೀಲಿ ನೋಡ್ತಿದೀನಿ ಅಣ್ಣಾ. ಆವಾಗಿನ ಟೀಮೇ ಬೇರೆ. ಈಗಿಂದು ನೋಡಿದ್ರೆ ಅಳು ಬರ್ತದೆ."

ಈ ಮಾತು ಕೇಳಿ ನನ್ನ ಮನಸ್ಸು ಕರಗಿತು. ದೇಶ ಯಾವುದಾದರೇನು, ಸಂಕಟ ಒಂದೇ. ಅವನನ್ನು ಸ್ಟೂಲಿನ ಮೇಲೆ ಕೂರಿಸಿ ನಮ್ಮ ತಂಡದ ಕಥೆಯನ್ನೆಲ್ಲ ಹೇಳಿದೆ. ಅವನು ಕೇಳಿ, "ಅಂಥಾ ಸ್ಮ್ಯಾಶಾ? ಎಲ್ಲಿ, ವಿಡಿಯೋ ತೋರ್ಸಿ ನೋಡುವ" ಎಂದ. ವಿಡಿಯೋ ಎಲ್ಲಿಂದ ಬರಬೇಕು? ಫೋಟೊ ತೆಗೆಸುವುದಕ್ಕೂ ಆಗ ಸ್ಟುಡಿಯೋಕ್ಕೆ ಹೋಗಿ ಉಸಿರು ಬಿಗಿಹಿಡಿದು ನಿಲ್ಲಬೇಕಿತ್ತು. "ಇಲ್ಲ" ಎಂದೆ. "ಹಂಗಾದ್ರೆ ಹೆಂಗಣ್ಣಾ ನಂಬೋದು?" ಎಂದುಬಿಟ್ಟ.

ನಂಬುವುದು ಹೇಗೆ! ಇಂಗ್ಲೆಂಡನ್ನು ನಂಬುತ್ತಾನೆ, ಪಕ್ಕದ ಅಂಗಡಿಯವನನ್ನು ನಂಬುವುದಿಲ್ಲ! ನಾನು ಎದ್ದೆ. ಕೊರಳಲ್ಲಿ ಟೇಪು ಹಾಗೇ ಇತ್ತು. "ನೋಡು ಇಲ್ಲಿ, ಹಿಂಗೆ ಬರ್ತಿದ್ದ, ಹಿಂಗೆ ಹಾರ್ತಿದ್ದ, ಹಿಂಗೆ" ಎನ್ನುತ್ತ ಕತ್ತರಿಸುವ ಮೇಜಿನ ಪಕ್ಕದಿಂದ ಓಡಿ ಬಂದು ಹಾರಿ ಹೊಡೆದೆ. ಟ್ಯೂಬ್‌ಲೈಟು ಠಳ್ ಎಂದು ಪುಡಿಪುಡಿಯಾಯಿತು.

ಆ ಮಹಾನುಭಾವ ಅಷ್ಟನ್ನೂ ಮೊಬೈಲಿನಲ್ಲಿ ಹಿಡಿದಿದ್ದ. ಮೂರು ತಾಲ್ಲೂಕಿನ ಫೋನುಗಳಲ್ಲಿ ಅದು ಓಡಾಡಿತು. ಮೊನ್ನೆ ಬ್ಲೌಸ್ ಹೊಲಿಸಲು ಬಂದ ಹೆಂಗಸೊಬ್ಬರು ಅಳತೆ ಕೊಡುವ ಮೊದಲು ಮೇಲೆ ನೋಡಿ, "ಹೊಸ ಲೈಟಾ?" ಎಂದು ಕೇಳಿದರು. ಅಂಥ ತಂಡದ ಒಂದು ಚಿತ್ರವೂ ಈ ಲೋಕದಲ್ಲಿಲ್ಲ, ನಾನು ಲೈಟು ಒಡೆದ ಚಿತ್ರಕ್ಕೆ ಹಿನ್ನೆಲೆಯಲ್ಲಿ ಶಹನಾಯಿ ಬೇರೆ ಸೇರಿಸಿದ್ದಾರೆ.

ಮರ್ಯಾದಸ್ಥರ ಪಂದ್ಯ

ಕೊನೆಗೂ ನನ್ನ ದಿನ ಬಂತು. ಶೃಂಗೇರಿಯ ಕೆಲವು ಉತ್ಸಾಹಿಗಳು ಹಳೇ ಆಟಗಾರರನ್ನೆಲ್ಲ ಕರೆಸಿ, ಒಂದು ಭಾನುವಾರ ಮಧ್ಯಾಹ್ನ ಶಾಲೆಯ ಮೈದಾನದಲ್ಲಿ ಪಂದ್ಯ ಇಟ್ಟರು. ನಮ್ಮ ಆರೂ ಜನ ಬರುತ್ತಾರೆ ಎಂದು ಕಂಡಕ್ಟರ್ ಹೇಳಿದಾಗ ನನಗೆ ಎರಡು ದಿನ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಸ್ಮ್ಯಾಶರ್ ಅಣ್ಣ ಈಗ ಹಿರೇಕೊಡಿಗೆಯಲ್ಲಿ ತೋಟ ನೋಡಿಕೊಂಡಿದ್ದಾರೆ. ಅರವತ್ತು ದಾಟಿದೆ. ಹೊಟ್ಟೆ ಅವರಿಗಿಂತ ಮೊದಲು ಮೈದಾನಕ್ಕೆ ಬಂತು. ಆದರೂ ಆ ಬಲಗೈ ನೋಡಿ ನನಗೆ ಕಣ್ಣು ಮಂಜಾಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಅಣ್ಣನದು ಹಸುವಿನಂಥ ಸ್ವಭಾವ. ಯಾರಾದರೂ ಬೈಯದೆ ಅವರ ಕೈಯಲ್ಲಿ ಹೊಡೆತ ಹುಟ್ಟುತ್ತಿರಲಿಲ್ಲ. ದೊಡ್ಡವರು ಬೈದರೆ ಜಗಳವಾಗುತ್ತದೆ ಎಂದು, ನೆಟ್ ಕಂಬದ ಬುಡದಲ್ಲಿ ನನ್ನನ್ನು ಕೂರಿಸಿ, ಬೈಯುವ ಕೆಲಸವನ್ನು ತಂಡದವರೇ ನನಗೆ ವಹಿಸಿದ್ದರು. ಚೋಟುದ್ದದ ಹುಡುಗನ ಬಾಯಲ್ಲಿ "ಏ, ನಿನ್ ಕೈ ಎಂತ ಕೆಸುವಿನ ದಂಟಾ?" ಎಂದು ಕೇಳಿಸಿಕೊಂಡರೆ ಅಣ್ಣನಿಗೆ ನಾಚಿಕೆಯಾಗಿ ರೋಷ ಬರುತ್ತಿತ್ತು. ಮುಂದಿನ ಚೆಂಡನ್ನು ಎದುರಾಳಿಗಳು ನೋಡುತ್ತಲೂ ಇರಲಿಲ್ಲ. ಆಟ ಮುಗಿದ ಮೇಲೆ ನಾನು ಅವರನ್ನು ‘ನೀವು’ ಎಂದೇ ಕರೆಯುತ್ತಿದ್ದೆ. ಅವರು ನನಗೆ ಸೋಡಾ ಕುಡಿಸುತ್ತಿದ್ದರು.

ಈ ಪಂದ್ಯದಲ್ಲಿ ಮಾತ್ರ ಮರ್ಯಾದೆಯೋ ಮರ್ಯಾದೆ. ಮೊದಲು ಶಾಲು, ಆಮೇಲೆ ಹಾರ, ಆಮೇಲೆ ಭಾಷಣ. ಅಣ್ಣ ಮೊದಲ ಚೆಂಡನ್ನು ನೆಟ್ಟಿಗೆ ಹೊಡೆದರು. ಜನ ಚಪ್ಪಾಳೆ ತಟ್ಟಿದರು! ಎರಡನೆಯದೂ ನೆಟ್ಟಿಗೆ ಹೋಯಿತು, ಮತ್ತೆ ಚಪ್ಪಾಳೆ. "ಹಿರಿಯರ ಪ್ರಯತ್ನಕ್ಕೆ ಇನ್ನೊಂದು ಜೋರಾದ ಕರತಾಡನ" ಎಂದು ಮೈಕಿನವನು ಕೂಗಿದ. ನೆಟ್ಟಿಗೆ ಹೊಡೆದವನಿಗೆ ಕರತಾಡನವೇ? ಅಂಥ ಆಟಗಾರನಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? ಅಣ್ಣ ತಲೆ ತಗ್ಗಿಸಿ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. ಕುರ್ಚಿಯ ಮೇಲೆ ಹತ್ತಿ ಕೂಗಿದೆ: "ಏಯ್! ಎಂತ ಮಜ್ಜಿಗೆ ಕಡೀತಿದ್ಯಾ ಅಲ್ಲಿ? ಕೈ ಎತ್ತಾ!"

 ಎದೆಗೆ ಬ್ಯಾಡ್ಜು ಹಾಕಿದ ಇಬ್ಬರು ಸ್ವಯಂಸೇವಕರು ಬಂದು, "ಹಿರಿಯರಿಗೆ ಹಿಂಗೆಲ್ಲ ಅನ್ನೋದಾ? ನಾಚಿಕೆ ಆಗಲ್ವಾ?" ಎನ್ನುತ್ತ ನನ್ನ ತೋಳು ಹಿಡಿದು ಹೊರಗೆ ನಡೆಸಿದರು. ಕಂಡಕ್ಟರ್ ನನ್ನ ಕಡೆ ನೋಡಿ, ಈ ಮನುಷ್ಯ ಯಾರೋ ಗೊತ್ತಿಲ್ಲ ಎನ್ನುವ ಹಾಗೆ ಆಕಾಶ ನೋಡಿದ. ನನ್ನನ್ನು ಗೇಟಿನಾಚೆ ಬಿಟ್ಟು ಕದ ಹಾಕಿದರು. ಇಷ್ಟು ವರ್ಷ ಕಾಯ್ದದ್ದು ಈ ಗೇಟು ನೋಡುವುದಕ್ಕಾ ಎಂದು ನನಗೆ ನಿಜವಾಗಿಯೂ ಅಳು ಬಂತು.

ಸ್ವಲ್ಪ ಹೊತ್ತಿನಲ್ಲಿ ಅದೇ ಸ್ವಯಂಸೇವಕ ಏದುಸಿರು ಬಿಡುತ್ತ ಓಡಿ ಬಂದ. "ಸಾರ್, ಒಳಗೆ ಬರ್ಬೇಕಂತೆ. ಅವ್ರು ಚೆಂಡು ಹಿಡ್ಕೊಂಡು ಕೂತ್ಬಿಟ್ಟಿದಾರೆ. ಬೈಯೋರ್ನ ಹೊರಗೆ ಹಾಕಿ ನನ್ ಹತ್ರ ಆಡ್ಸಿದ್ರೆ ಆಗ್ತದಾ ಅಂತಾರೆ." ಒಳಗೆ ಹೋದರೆ ವ್ಯವಸ್ಥಾಪಕರೇ ಎದ್ದು ನಿಂತು ಎರಡೂ ಕೈಯಲ್ಲಿ ಮೈಕು ಹಿಡಿದು ಕೊಟ್ಟು, "ದಯವಿಟ್ಟು ಬೈಯಬೇಕು" ಎಂದರು.

ಊರಿಗೆ ಊರೇ ನನ್ನ ಬಾಯಿ ನೋಡುತ್ತಿದೆ. ವೇದಿಕೆಯ ಮೇಲೆ ಗಣ್ಯರು.  "ಅಣ್ಣಾ... ತಾವು... ಸ್ವಲ್ಪ ಕೈ ಮೇಲೆತ್ತಿ ಆಡಿದ್ರೆ..." ಎಂದೆ. ಜನ ಹೋ ಎಂದು ನಕ್ಕರು. ಮೈದಾನದ ನಡುವಿನಿಂದ ಅಣ್ಣ ಗುಡುಗಿದರು: "ಥೂ! ಇದಾ ನಿನ್ ಬಾಯಿ? ಹೊಲ್ಗೆ ಹಾಕ್ಕೊಂಡು ಬಂದಿದ್ಯಾ ಮಾರಾಯ?"

ನನ್ನ ಕಸುಬಿನ ಮಾತೆತ್ತಿದ ಮೇಲೆ ಬಿಡಲಾದೀತೇ? ಮೈಕು ಬಿಸಾಡಿ, ಕಂಬದ ಬುಡಕ್ಕೆ ಓಡಿ, ಅವರ ಹೊಟ್ಟೆಯಿಂದ ಶುರುಮಾಡಿ ಕಾಲಿನ ಉಗುರಿನವರೆಗೆ ಒಂದೇ ಉಸಿರಿನಲ್ಲಿ ಬೈದೆ. ಗಣ್ಯರು ಕಿವಿ ಮುಚ್ಚಿಕೊಂಡರು. ಲಿಫ್ಟರ್ ಚೆಂಡನ್ನು ಎತ್ತಿಕೊಟ್ಟರು. ಅಣ್ಣ ಹಾರಿದರು. ಹಾರಿದ್ದು ಎಷ್ಟು ಅಂದರೆ, ಕಾಲಿನ ಕೆಳಗೆ ಒಂದು ಚಪ್ಪಲಿ ತೂರಿಸಬಹುದಾದಷ್ಟು. ಆದರೆ ಕೈ ಬೀಸಿದ ಸದ್ದು ಅದೇ! ಚೆಂಡು ಆ ಕಡೆಯ ಅಂಗಳದ ನಟ್ಟನಡುವೆ ಬಿದ್ದು, ಎದ್ದು, ಗಣ್ಯರ ಹಾರದ ತಟ್ಟೆಗೆ ಹೋಗಿ ಬಿತ್ತು. ಎದುರಾಳಿಗಳು ಕೈ ಮುಂದೆ ಚಾಚಿಕೊಂಡು ಹಾಗೇ ನಿಂತಿದ್ದರು. ನಾನು ಕಂಬ ತಬ್ಬಿಕೊಂಡು ಗಳಗಳನೆ ಅತ್ತೆ. ಅಣ್ಣನೂ ಕಣ್ಣೊರೆಸಿಕೊಂಡರು.

ಆಗ ಹಿಂದಿನಿಂದ ಯಾರೋ ನನ್ನ ಭುಜ ತಟ್ಟಿದರು. ತಿರುಗಿ ನೋಡಿದರೆ ಅಣ್ಣನ ಹೆಂಡತಿ. ಗಂಡನಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೇನೆ, ಇವತ್ತು ಕಪಾಳಕ್ಕೆ ಬಿತ್ತು ಎಂದು ಕೈಮುಗಿದು ನಿಂತೆ.

ಅವರು ದನಿ ತಗ್ಗಿಸಿ ಹೇಳಿದರು: "ಮನೆ ಮೇಲೆ ಹತ್ತಿ ಹಂಚು ಕೈಯಾಡ್ಸಿ ಸರಿ ಮಾಡಿ, ಸೋರ್ತದೆ ಅಂತ ಎರಡು ಮಳೆಗಾಲದಿಂದ ಬಾಯಿ ಬಡ್ಕೊಳ್ತಿದೀನಿ. ಮಿಸುಕಾಡಿಲ್ಲ ಮನುಷ್ಯ. ಬುಧವಾರ ಊಟಕ್ಕೆ ಮನೆಗೇ ಬನ್ನಿ. ಬಂದು ಈಗ ಬೈದ್ರಲ್ಲ, ಅದನ್ನೇ ಒಂದಕ್ಷರ ಬಿಡ್ದೆ ಏಣಿ ಬುಡದಲ್ಲಿ ನಿಂತು ಹೇಳಿ."